ರಂಗಸಾಮಿ ಮಾವನ ‘ಒತ್ತು’

ರಂಗಸಾಮಿ ಮಾವನ ಮನೆಗೆ ಹೋದವರಿಗೆ ಕಾಫಿಗಿಂತ ಮೊದಲು ಸೂರ್ಯನ ದರ್ಶನವಾಗುತ್ತಿತ್ತು, ಅದೂ ಗೋಡೆಯ ಮೇಲೆ. ಚಿನ್ನಮನೂರಿನ ಆ ಮನೆಯ ಪಡಸಾಲೆಯಲ್ಲಿ, ಪಶ್ಚಿಮದ ಕಿಟಕಿಯ ಸರಳಿಗೆ ಅವರು ಹಳೆಯ ದುರ್ಬೀನಿನ ಒಂದು ಕಣ್ಣನ್ನು ಸೈಕಲ್ ಟ್ಯೂಬಿನ ತುಂಡಿನಿಂದ ಬಿಗಿದು ಕಟ್ಟಿದ್ದರು. ಊಟ ಮುಗಿದು ಸ್ವಲ್ಪ ಹೊತ್ತಿಗೆ ಬಿಸಿಲು ಅದರೊಳಗೆ ಹೊಕ್ಕು, ಎದುರಿನ ಸುಣ್ಣದ ಗೋಡೆಯ ಮೇಲೆ ಸಣ್ಣ ತಟ್ಟೆಯಷ್ಟು ಅಗಲದ ಸೂರ್ಯನನ್ನು ಮೂಡಿಸುತ್ತಿತ್ತು. ಆ ಬೆಳಕಿನ ದಾರಿಯಲ್ಲಿ ಒಂದು ಕುರ್ಚಿ. ಅದನ್ನು ಸರಿಸಿಬಿಡಬಹುದಿತ್ತು, ಮಾವ ಸರಿಸುತ್ತಿರಲಿಲ್ಲ. ಅಲ್ಲಿ ಕೂತವರನ್ನು ಎಬ್ಬಿಸುವುದೇ ಅವರಿಗೊಂದು ಸಂತೋಷ. “ಏಳಿ, ಏಳಿ, ಒತ್ತು ಬರ್ತೈತೆ” ಎನ್ನುತ್ತಿದ್ದರು. ಮಗಳನ್ನು ನೋಡಲು ನಿಲಕ್ಕೋಟ್ಟೈಯಿಂದ ಬಂದ ಮಲ್ಲಿಗೆ ತೋಟದ ಯಜಮಾನರನ್ನೂ ಹೀಗೆಯೇ ಎಬ್ಬಿಸಿ, ಹುಡುಗಿಗಿಂತ ಮೊದಲು ಸೂರ್ಯನ ಮೈಮೇಲಿನ ಕಪ್ಪು ಕಲೆ ತೋರಿಸಿದ್ದರು. “ನೋಡಿ, ಈ ಮಚ್ಚೆ ನಮ್ಮ ಬೂಮಿಗಿಂತ ದೊಡ್ದು.” ಸಂಬಂಧವೇನೋ ಕುದುರಿತು. ಆ ಬೀಗರು ಮಾತ್ರ ಮತ್ತೆಂದೂ ಆ ಕುರ್ಚಿಯ ಹತ್ತಿರ ಸುಳಿಯಲಿಲ್ಲ.

ಈ ‘ಒತ್ತು’ ಏನೆಂದು ಮೊದಲೇ ಬಿಡಿಸಿ ಹೇಳಬೇಕು, ಮುಂದಿನ ಜಗಳವೆಲ್ಲ ಅದರದ್ದೇ. ತಮಿಳು ಸೀಮೆಯ ಈ ಕಂಬಂ ಕಣಿವೆಯ ನಮ್ಮ ಮನೆಗಳಲ್ಲಿ ಆಡುವ ಕನ್ನಡಕ್ಕೂ ಕರ್ನಾಟಕಕ್ಕೂ ನಂಟು ಕಡಿದು ನೂರಾರು ವರ್ಷವಾಗಿದೆ. ಪುಸ್ತಕದ ‘ಹೊತ್ತು’ ನಮ್ಮಲ್ಲಿ ‘ಒತ್ತು’. ಹಕಾರವನ್ನು ನಮ್ಮವರು ಬರುವಾಗ ದಾರಿಯಲ್ಲೆಲ್ಲೋ ಬೀಳಿಸಿಕೊಂಡು ಬಂದರು. ಆದರೆ ಆ ಮಾತಿನ ಎರಡು ಅರ್ಥಗಳನ್ನೂ ಭದ್ರವಾಗಿ ಹಿಡಿದುಕೊಂಡರು. ಒತ್ತು ಅಂದರೆ ಸಮಯ. ಒತ್ತು ಅಂದರೆ ಸೂರ್ಯ ಕೂಡ. ‘ಒತ್ತು ಉಟ್ತು’ ಎಂದರೆ ಸೂರ್ಯ ಬಂದ. ‘ಒತ್ತಾಯ್ತು’ ಎಂದರೆ ತಡವಾಯಿತು, ಹೊರಡು. ಯಾವುದು ಯಾವುದೆಂದು ಮನೆಯಲ್ಲಿ ಯಾರೂ ಕೇಳುವುದಿಲ್ಲ, ಕೇಳುವ ಅಗತ್ಯವೂ ಬೀಳುವುದಿಲ್ಲ. ಅಗತ್ಯ ಬಿದ್ದದ್ದು ಒಂದೇ ಸಲ, ಆಗ ನಾನು ಮತ್ತು ಮಾವ ಎದುರುಬದುರಾಗಿ ನಿಂತಿದ್ದೆವು.

ಮಾವ ನನ್ನ ತಾಯಿಯ ತಮ್ಮ. ಹೈಸ್ಕೂಲಿನಲ್ಲಿ ನನಗೆ ಭೂಗೋಳ ಕಲಿಸಿದವರು. ಒಂದು ವರ್ಷ ನಮ್ಮ ತರಗತಿಯನ್ನು ಬಸ್ಸಿನಲ್ಲಿ ತುಂಬಿಕೊಂಡು ಕೊಡೈಕಾನಲ್ ಬೆಟ್ಟಕ್ಕೆ ಕರೆದೊಯ್ದರು. ಬೇರೆ ಶಾಲೆಯ ಮಕ್ಕಳು ಕೆರೆಯಲ್ಲಿ ದೋಣಿ ಹತ್ತುತ್ತಿದ್ದರೆ, ನಾವು ದಿನದಿನವೂ ಸೂರ್ಯನ ಚಿತ್ರ ತೆಗೆದಿಡುವ ಅಲ್ಲಿಯ ಕಚೇರಿಯ ಗೇಟಿನ ಮುಂದೆ ಸಾಲಾಗಿ ನಿಂತಿದ್ದೆವು. ಅವತ್ತು ದಟ್ಟ ಮಂಜು. ಸೂರ್ಯ ಇರಲಿ, ಪಕ್ಕದಲ್ಲಿ ನಿಂತವಳ ಜಡೆಯೂ ಸರಿಯಾಗಿ ಕಾಣುತ್ತಿರಲಿಲ್ಲ. ಮಾವನಿಗೆ ಅದರಿಂದ ಏನೂ ಆಗಲಿಲ್ಲ. ಮಂಜಿನ ಕಡೆಗೆ ಕೈ ತೋರಿಸಿಯೇ ಪಾಠ ಶುರು ಮಾಡಿದರು. ಸೂರ್ಯನ ಮೇಲೆ ಕಲೆ ಹೆಚ್ಚಾದ ವರ್ಷಗಳಲ್ಲಿ ಅದರ ಬೆಳಕೂ ಒಂದು ಚೂರು ಹೆಚ್ಚು, ಕಲೆ ಕಡಿಮೆಯಾದರೆ ಬೆಳಕೂ ಕಡಿಮೆ ಎಂದರು. ನನಗೆ ತಲೆಬುಡ ತಿಳಿಯಲಿಲ್ಲ. ಕಪ್ಪು ಹೆಚ್ಚಾದರೆ ಬೆಳಕು ಇಳಿಯಬೇಕಲ್ಲವೇ ಎಂದು ಕೇಳಿದೆ. ತರಗತಿಗೆ ತಮಿಳಿನಲ್ಲಿ ಉತ್ತರ ಕೊಟ್ಟು, ನನ್ನ ಕಡೆ ತಿರುಗಿ ಮನೆಮಾತಿನಲ್ಲಿ ಮತ್ತೊಮ್ಮೆ ಹೇಳಿದರು. ನಮ್ಮ ‘ಆನಾ’ ಅಂದರೆ ‘ಆದರೆ’.

“ಮಚ್ಚೆ ಕಪ್ಪೇ ಪಾಪಾ. ಆನಾ ಅದರ ಸುತ್ತ ಬೆಳ್ಳಗೆ ಉರೀತೈತಲ್ಲ, ಅದು ಮಚ್ಚೆ ತಿಂದಿದ್ದಕ್ಕಿಂತ ಜಾಸ್ತಿ ಕೊಡ್ತೈತೆ. ಮಚ್ಚೆ ಇಲ್ದಿರೋ ಸೂರಿಯ ಸೋಂಬೇರಿ ಸೂರಿಯ.”

ಆ ಮಾತು ನೂರಕ್ಕೆ ನೂರು ಸರಿ. ಇದನ್ನು ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ಅವರನ್ನು ಬೈಯುವುದು ಬಹಳ ಇದೆ. ನನ್ನ ಜೀವನದ ಕೆಲಸ ಶುರುವಾದದ್ದೂ ಆ ಮಂಜಿನಲ್ಲೇ. ಮುನ್ನೂರು ಚಿಲ್ಲರೆ ವರ್ಷಗಳ ಹಿಂದೆ, ಸುಮಾರು ಎಪ್ಪತ್ತು ವರ್ಷಗಳ ಕಾಲ, ಸೂರ್ಯನ ಮೈಮೇಲೆ ಕಲೆಗಳು ಕಂಡದ್ದೇ ಅಪರೂಪ. ಆ ಕಾಲದಲ್ಲಿ ಯುರೋಪಿನ ಚಳಿಗಾಲಗಳು ಕಠಿಣವಾಗಿದ್ದವು, ಹರಿಯುವ ನದಿಗಳೇ ಹೆಪ್ಪುಗಟ್ಟುತ್ತಿದ್ದವು. ಇದನ್ನೂ ಮಾವನೇ ಹೇಳಿದ್ದು. ಹೇಳಿದ ಮೇಲೆ ಆ ಎಪ್ಪತ್ತು ವರ್ಷಗಳನ್ನು ಅವರು ಬಿಡಲೇ ಇಲ್ಲ, ಸಾಯುವ ತನಕ.

ನಾನು ಓದಿ, ಮೈಸೂರಿನಲ್ಲಿ ಮರ ಓದುವ ಕೆಲಸ ಹಿಡಿದೆ. ಕನ್ನಡ ಅಕ್ಷರ ಕಲಿತದ್ದೂ ಅಲ್ಲೇ. ತೇಗದ ಮರ ವರ್ಷಕ್ಕೊಂದು ಉಂಗುರ ಹಾಕುತ್ತದೆ, ಮಳೆ ಚೆನ್ನಾಗಿದ್ದರೆ ಅಗಲ, ಕೈಕೊಟ್ಟರೆ ಕಿರಿದು. ಅಷ್ಟೇ ಅಲ್ಲ, ಸೂರ್ಯ ಚುರುಕಾಗಿದ್ದಾಗ ಆಕಾಶದ ಆಚೆಯಿಂದ ಬರುವ ಕಿರಣಗಳನ್ನು ತಡೆಯುತ್ತದೆ. ಸೂರ್ಯ ಮಂದವಾದಾಗ ಆ ಕಿರಣಗಳು ಹೆಚ್ಚಾಗಿ ಒಳನುಗ್ಗಿ, ಗಾಳಿಯಲ್ಲಿ ಒಂದು ಬಗೆಯ ಭಾರವಾದ ಇಂಗಾಲವನ್ನು ಹೆಚ್ಚಿಸುತ್ತವೆ. ಮರ ಆ ಗಾಳಿಯನ್ನು ಉಸಿರಾಡಿ ಇಂಗಾಲವನ್ನು ಉಂಗುರದಲ್ಲಿ ಇಟ್ಟುಕೊಳ್ಳುತ್ತದೆ. ಮಳೆ ಎಂಥದಿತ್ತು, ಸೂರ್ಯ ಎಂಥದಿತ್ತು ಎಂಬ ಎರಡೂ ಸುದ್ದಿ ಮರದಲ್ಲೇ ಸಿಗುತ್ತವೆ ಎಂದು ಹೇಳಿದ ದಿನ ಮಾವ ಎದ್ದು ನಿಂತು ನನ್ನ ತಲೆ ಸವರಿದ್ದರು. ನಾನು ಹೇಳಬಾರದಿತ್ತೆಂದು ಎಷ್ಟು ಸಲ ಅಂದುಕೊಂಡಿದ್ದೇನೋ. ಅವತ್ತಿನಿಂದ ಮಾವ ಫೋನ್ ಮಾಡತೊಡಗಿದರು, ಅದೂ ಸರಿಯಾಗಿ ನಾನು ಸೂಕ್ಷ್ಮದರ್ಶಕದ ಮುಂದೆ ಕೂತಾಗ.

“ಮರ ಏನಂತು ಪಾಪಾ? ಸೂರಿಯ ಸೋಂಬೇರಿ ಆದಾಗ ನಮ್ಮ ಕಡೆ ಮಳೆ ನಿಂತೋಯ್ತಾ?”

“ಇರ್ಬೋದು ಮಾವ. ಕೆಲವು ವರ್ಷ ಕಮ್ಮಿ ಆಗೈತೆ. ಅದಕ್ಕೆ ಸೂರಿಯ ಒಬ್ನೇ ಕಾರಣ ಅಂತ ಏಳಕ್ಕಾಗಲ್ಲ. ದೂರದ ಸಮುದ್ರ ಬಿಸಿ ಆದ್ರೂ ನಮ್ಮ ಮಳೆ ಕೆಡ್ತೈತೆ. ಬೆಂಕಿ ಬೆಟ್ಟ ಸಿಡಿದು ಬೂದಿ ಮೇಲಕ್ಕೋದ್ರೂ ಕೆಡ್ತೈತೆ.”

“ಇಷ್ಟು ಪಡ್ಚು ಇರ್ಬೋದಾ?”

ಇದು ಅವರ ಖಾಯಂ ಬೈಗುಳ. ಇಷ್ಟು ಓದಿಯೂ ‘ಇರಬಹುದು’ ಎನ್ನುತ್ತೀಯಲ್ಲ ಎಂದು. ‘ಇರ್ಬೋದು’ ಎಂಬ ಮಾತನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಓದು ಅಂದರೆ ‘ಹೌದು’ ಅಥವಾ ‘ಇಲ್ಲ’ ಎನ್ನಲು ಸಿಕ್ಕ ಹಕ್ಕು ಎಂದು ನಂಬಿದ್ದವರು. ಹಿಂದಿನದ್ದಿರಲಿ, ವರ್ಷವರ್ಷವೂ ಏರುತ್ತಿರುವ ಈಗಿನ ಸೆಕೆಗೂ ಸೂರ್ಯನೇ ಕಾರಣ, ಏರಿದ ಹಾಗೆ ತಾನಾಗಿ ಇಳಿಯುತ್ತದೆ, ಯಾರೂ ಏನೂ ಮಾಡಬೇಕಾಗಿಲ್ಲ ಎಂದು ಬಾಳೆ ತೋಟದವರಿಗೂ ದ್ರಾಕ್ಷಿ ಚಪ್ಪರದವರಿಗೂ ಹೇಳಿಕೊಂಡು ತಿರುಗುತ್ತಿದ್ದರು. ಸೂರ್ಯನ ಬೆಳಕು ಕೆಲವು ದಶಕಗಳಿಂದ ಏರಿಯೇ ಇಲ್ಲ ಮಾವ, ಏರುತ್ತಿರುವುದು ನಾವು ಸುಟ್ಟು ಮೇಲೆ ಕಳಿಸುವ ಹೊಗೆ ಎಂದು ನಾನು ಬಾಯಿ ನೋಯುವಷ್ಟು ಹೇಳಿದ್ದೇನೆ. “ಅವನು ಅಷ್ಟು ದೊಡ್ಡೋನು, ನಮ್ಮ ಒಗೆ ಅವನ ಮುಂದೆ ಏನು?” ಎನ್ನುತ್ತಿದ್ದರು. ಕಲಿಸಿದವರೇ ಹೀಗೆ ಹಟ ಹಿಡಿದರೆ ಸಿಟ್ಟನ್ನು ಎಲ್ಲಿ ಇಟ್ಟುಕೊಳ್ಳುವುದು? ಅರ್ಧ ಸರಿ ಇರುವವರ ಜೊತೆ ವಾದ ಮಾಡುವಷ್ಟು ದೊಡ್ಡ ಶಿಕ್ಷೆ ಇನ್ನೊಂದಿಲ್ಲ. ಪೂರ್ತಿ ತಪ್ಪಿದ್ದರೆ ಎಂದೋ ಬಿಟ್ಟುಬಿಡುತ್ತಿದ್ದೆ.

ಆ ಎಪ್ಪತ್ತು ವರ್ಷಗಳ ಮೇಲೆ ಮಾವನಿಗೆ ಅಷ್ಟು ಮೋಹ ಏಕೆಂದರೆ, ನಮ್ಮ ಕುಲದೇವರ ಗುಡಿಯಲ್ಲಿ ಹೇಳುವ ಒಂದು ಮಾತು. ಗೂಡಲೂರು ದಾಟಿ, ಕುಮುಳಿ ಘಾಟಿ ಏರುವ ಮೊದಲು, ದ್ರಾಕ್ಷಿ ಚಪ್ಪರಗಳ ನಡುವೆ ಆ ಸಣ್ಣ ಗುಡಿ ಇದೆ. ಶಿವರಾತ್ರಿಗೆ ಕುಲದವರೆಲ್ಲ ಅಲ್ಲಿ ಸೇರುತ್ತೇವೆ. ದೀಪ ಹಚ್ಚುವ ಹಿರಿಯ ಹೆಂಗಸು ಹಚ್ಚುವ ಮೊದಲು ಒಂದು ಮಾತು ಹೇಳಬೇಕು: “ಒತ್ತು ಮಂಕಾದಾಗ ಒಳೆ ದಾಟಿ ಬಂದೋ.” ನಾವು ಕನ್ನಡದ ನಾಡು ಬಿಟ್ಟು ಇಲ್ಲಿಗೆ ಬಂದ ಕಥೆಯಲ್ಲಿ ಉಳಿದಿರುವುದು ಇಷ್ಟೇ. ಯಾವ ಹೊಳೆ, ಯಾವ ಕಾಲ, ಯಾರು ಮೊದಲು ಹೊರಟರು, ಒಂದೂ ಯಾರಿಗೂ ಗೊತ್ತಿಲ್ಲ. ಚಿಕ್ಕಂದಿನಿಂದ ನಾನು ಅದನ್ನು ‘ಕಾಲ ಕೆಟ್ಟಾಗ’ ಎಂದೇ ಕೇಳಿಕೊಂಡಿದ್ದೆ. ಮಾವ ‘ಸೂರ್ಯ ಮಂಕಾದಾಗ’ ಎಂದು ಕೇಳಿಕೊಂಡಿದ್ದರು. ಸೋಂಬೇರಿ ಸೂರ್ಯನ ಕಾಲವನ್ನು ನಮ್ಮ ಅಜ್ಜಿಯರು ಕಣ್ಣಾರೆ ಕಂಡು, ಮಾತಿನಲ್ಲಿ ಕಟ್ಟಿ ಕೊಟ್ಟಿದ್ದಾರೆ ಎಂಬುದು ಅವರ ಸಿದ್ಧಾಂತ.

ಒಂದೇ ಮಾತು, ಇಬ್ಬರ ಕಿವಿಯಲ್ಲಿ ಎರಡು. ಹಾಗೆಯೇ ಇದ್ದಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಗುಡಿಯ ಜೀರ್ಣೋದ್ಧಾರ ಮಾಡಿಸಿದ ಮುದ್ದಯ್ಯ ತಾತ ಆ ಮಾತನ್ನು ಬಾಗಿಲ ಬಳಿ ಕಲ್ಲಿನಲ್ಲಿ ಕೊರೆಸುವುದೆಂದು ತೀರ್ಮಾನಿಸಿದರು. ಕನ್ನಡ ಅಕ್ಷರ ಓದಬಲ್ಲವಳು ಇಡೀ ಕುಲದಲ್ಲಿ ನಾನೊಬ್ಬಳೇ, ಎಳೆಯರಿಗೆ ಮನೆಮಾತೂ ಅರೆಬರೆ. ಆದ್ದರಿಂದ ತಮಿಳಿನಲ್ಲೇ ಕೊರೆಯಬೇಕು. ಉಳಿದ ಮಾತುಗಳು ಸಲೀಸಾಗಿ ತಮಿಳಾದವು. ಮೊದಲ ಮಾತಿಗೆ ಬಂದಾಗ ಸಿಕ್ಕಿಬಿದ್ದೆವು. ಒತ್ತು ಅಂದರೆ ‘ಸೂರಿಯನ್’ ಎಂದು ಬರೆಯುವುದೋ, ‘ಕಾಲಂ’ ಎಂದು ಬರೆಯುವುದೋ?

ಗುಡಿಯ ಮುಂದೆ ಜಮಖಾನ ಹಾಸಿ ಎಲ್ಲರೂ ಕೂತಿದ್ದರು. ನನ್ನ ಕೈಯಲ್ಲಿ ಪೊಂಗಲ್ ಎಲೆ. ಮಾವ ಎದ್ದು ನಿಂತರು.

“ಸೂರಿಯನ್ ಅಂತ ಕೊರೀರಿ. ಸೂರಿಯ ಸೋಂಬೇರಿ ಆದ, ಮಳೆ ನಿಂತೋಯ್ತು, ನಮ್ಮೋರು ಎದ್ದು ಬಂದ್ರು. ಬೇಕಾದ್ರೆ ಇವಳನ್ನ ಕೇಳಿ. ಮರ ಓದೋಳು.”

ಎಲ್ಲರೂ ನನ್ನ ಕಡೆ ತಿರುಗಿದರು. ಅವರ ಮುಖದಲ್ಲಿ ಎಂಥ ನಂಬಿಕೆ! ನಾನು ಒಂದು ‘ಹೂಂ’ ಅಂದಿದ್ದರೆ ಮಾವನ ಜೀವನ ಸಾರ್ಥಕವಾಗುತ್ತಿತ್ತು. ಆದರೆ ಅದು ಕಲ್ಲು. ಕಲ್ಲಿನಲ್ಲಿ ‘ಇರ್ಬೋದು’ ಎಂದು ಕೊರೆಯಲು ಬರುವುದಿಲ್ಲ.

“ನಮ್ಮೋರು ಯಾವಾಗ ಬಂದ್ರು ಅಂತ್ಲೇ ಯಾರ್ಗೂ ತಿಳೀದು,” ಎಂದೆ. “ಅದು ತಿಳೀದೆ ಯಾವ ಸೂರಿಯ ಅಂತ ಎಂಗೆ ಏಳ್ಲಿ? ಕಾಲ ಕೆಟ್ಟೋಯ್ತು, ಬಂದ್ರು. ಕಾಲಂ ಅಂತ ಕೊರೀರಿ.”

“ಕಾಲ ಮಂಕಾಗ್ತೈತಾ?” ಮಾವ ನನ್ನನ್ನು ನೋಡದೆ ಜನರನ್ನೇ ಕೇಳಿದರು. “ಮಂಕಾಗೋದು ದೀಪ. ಮಂಕಾಗೋದು ಸೂರಿಯ. ಕಾಲಕ್ಕೇನು ಬತ್ತಿ ಐತಾ?”

ಜನ ನಕ್ಕರು. ನನಗೆ ಇನ್ನಷ್ಟು ಸಿಟ್ಟು ಬಂತು. ಧ್ವನಿ ಏರಿತು. ಸೋಂಬೇರಿ ಸೂರ್ಯ, ಸಮುದ್ರ, ಬೆಂಕಿ ಬೆಟ್ಟ, ಹೊಗೆ ಎಲ್ಲ ಒಟ್ಟಿಗೆ ಬಂದವು. ಪೊಂಗಲ್ ತಣ್ಣಗಾಯಿತು. ಕೊನೆಗೆ ಮುದ್ದಯ್ಯ ತಾತ ಕೈ ಎತ್ತಿದರು.

“ಸಾಕು. ಕಲ್ಲು ಕೊರೆಯೋನು ಕಾಯ್ತವ್ನೆ. ಆ ಒಂದು ಮಾತಿಗೆ ಜಾಗ ಬಿಟ್ಟು ಮಿಕ್ಕಿದ್ದು ಕೊರೀಲಿ. ನೀವಿಬ್ರೂ ಒಂದಾದ ದಿನ ಬಂದು ಏಳಿ.”

ಹಾಗೆ ನಮ್ಮ ಗುಡಿಯ ಬಾಗಿಲಲ್ಲಿ ಮೊದಲ ಮಾತೇ ಇಲ್ಲದ ಕಲ್ಲು ನಿಂತಿತು. ‘ಮಂಗಿಯಪೋದು ಆರು ಕಡಂದು ವಂದೋಂ’, ಮಂಕಾದಾಗ ಹೊಳೆ ದಾಟಿ ಬಂದೆವು. ಏನು ಮಂಕಾದಾಗ? ಅಲ್ಲಿ ಬರೀ ನುಣ್ಣನೆಯ ಕಲ್ಲು. ಹೊರಗಿನಿಂದ ಬಂದವರು ಓದಿ, “ಏನು ಮಂಕಾಯ್ತು, ಕರೆಂಟಾ?” ಎಂದು ಕೇಳುತ್ತಿದ್ದರಂತೆ. ಮುದ್ದಯ್ಯ ತಾತ ಈ ಸುದ್ದಿಯನ್ನು ನನಗೂ ಮಾವನಿಗೂ ಬೇರೆಬೇರೆಯಾಗಿ ಫೋನಿನಲ್ಲಿ ಮುಟ್ಟಿಸುತ್ತಿದ್ದರು.

ಮುಂದಿನ ರಜೆಗೆ ಊರಿಗೆ ಹೋದಾಗ ತೇಗದ ಒಂದು ತೆಳು ಬಿಲ್ಲೆಯನ್ನು ನುಣುಪು ಮಾಡಿಸಿ ತೆಗೆದುಕೊಂಡು ಹೋದೆ. ಕಣ್ಣಿಗೆ ಕಂಡರಾದರೂ ಒಪ್ಪುತ್ತಾರೆಂಬ ಆಸೆ. ಅದರಲ್ಲಿ ಮಾವನ ಎಪ್ಪತ್ತು ವರ್ಷಗಳ ಕೊನೆಯ ಭಾಗ ಇತ್ತು, ಒಳಗಡೆ, ನಡುವಿನ ಹತ್ತಿರ. ಮಾವ ಭೂತಗನ್ನಡಿ ಹಿಡಿದು ಗೋಡೆಯ ಸೂರ್ಯನ ಬೆಳಕಿನಲ್ಲೇ ನೋಡಿದರು. ಒತ್ತೊತ್ತಾಗಿ ಕಿರಿದಾದ ಉಂಗುರಗಳು ಸಿಕ್ಕವು. ಮುಖ ಅರಳಿತು. ಅತ್ತೆಯನ್ನು ಕೂಗಿದರು. ಕಾಫಿ ಲೋಟ ಹಿಡಿದು ಬಂದ ಅತ್ತೆಗೆ ತೋರಿಸುವಾಗ, ಪಕ್ಕದಲ್ಲೇ ಇದ್ದ ಅಗಲದ ಉಂಗುರಗಳು ಕಾಣದಂತೆ ಹೆಬ್ಬೆರಳು ಒತ್ತಿ ಹಿಡಿದಿದ್ದರು.

“ಬೆರಳು ತೆಗೀರಿ ಮಾವ,” ಎಂದೆ.

“ಯಾಕೆ?”

“ಅಲ್ಲಿ ಮಳೆ ಚೆನ್ನಾಗಿ ಆಗೈತೆ. ಸೂರಿಯ ಆಗ್ಲೂ ಸೋಂಬೇರೀನೇ.”

ಮಾವ ಬೆರಳು ತೆಗೆಯಲಿಲ್ಲ. “ನಾನು ಅಗಲದ್ದನ್ನ ಮುಚ್ಚಿದೆ, ನೀನು ಕಿರಿದ್ನ ಮುಚ್ಚಿ ಕಾಲಂ ಅಂತೀಯ,” ಎಂದರು. “ಇಬ್ರೂ ಒಂದೇ ಕೆಲಸ ಮಾಡಿದ್ದು.”

ಅಲ್ಲ, ಒಂದೇ ಅಲ್ಲ, ನಾನು ಏನನ್ನೂ ಮುಚ್ಚಲಿಲ್ಲ. ಇದನ್ನು ಎಷ್ಟು ವಿಧದಲ್ಲಿ ಹೇಳಿದರೂ ಅವರು ತಲೆಯಾಡಿಸುತ್ತ ಕಾಫಿ ಆರಿಸುತ್ತಿದ್ದರು. ಅತ್ತೆ ಮಾತ್ರ, “ಒಂದು ಮರದ ತುಂಡಿಗೆ ಇಷ್ಟು ಸಂಡೆಯಾ?” ಎಂದು ಒಳಗೆ ಹೋದರು. ಸಂಡೆ ಅಂದರೆ ಜಗಳ.

ಮರುದಿನ ನನ್ನನ್ನು ಬಸ್ ಹತ್ತಿಸಲು ಮಾವನೇ ಬಂದರು. ಅವರ ಕೈಯಲ್ಲಿ ಎಂದಿನಂತೆ ಮಡಿಸಿದ ಕೊಡೆ. ಎಂಥ ಬಿಸಿಲಿನಲ್ಲೂ ಅದನ್ನು ಬಿಚ್ಚುತ್ತಿರಲಿಲ್ಲ, ಅದು ಮಳೆಗೆ ಮಾತ್ರ. ಬಸ್ ಸ್ಟ್ಯಾಂಡಿನಲ್ಲಿ ಬಾಳೆಗೊನೆ ಹೇರಿದ ಗಾಡಿಗಳ ನಡುವೆ ನುಸುಳಿ ನನಗೆ ಕಿಟಕಿಯ ಸೀಟು ಹಿಡಿದುಕೊಟ್ಟರು. ಮೈಸೂರಿನ ರೈಲು ನನಗೆ ದಿಂಡಿಗಲ್‌ನಲ್ಲಿ ಸಿಗಬೇಕಿತ್ತು. ಕೆಳಗಿಳಿದು ಕಂಡಕ್ಟರನನ್ನು ತಮಿಳಿನಲ್ಲಿ ಕೇಳಿದರು, “ತಂಬಿ, ಪೊಳುದು ಸಾಯಿರದುಕ್ಕುಳ್ಳ ತಿಂಡುಕ್ಕಲ್ ಪೋಯಿಡುಮಾ?” ಹೊತ್ತು ಮುಳುಗುವುದರೊಳಗೆ ದಿಂಡಿಗಲ್ ಸೇರುತ್ತದಾ ಎಂದು. ಕಂಡಕ್ಟರ್ ತಲೆಯಾಡಿಸಿದ. ಮಾವ ನನ್ನತ್ತ ನೋಡಿ ಕೊಡೆಯನ್ನು ಸ್ವಲ್ಪ ಎತ್ತಿದರು. ನಾನು ಅವರನ್ನು ನೋಡಿದ್ದು ಅದೇ ಕೊನೆ.

ಬಸ್ಸು ಪೆರಿಯಕುಳಂ ದಾಟಿ ವತ್ತಲಗುಂಡಿನ ಕಡೆ ತಿರುಗಿತು. ಹೊರಗೆ ಮಾವಿನ ತೋಪುಗಳ ಮೇಲೆ ಬಿಸಿಲು ಕೆಂಪಾಗುತ್ತಿತ್ತು. ಪಕ್ಕದ ಹೆಂಗಸು ಯಾರಿಗೋ ಫೋನಿನಲ್ಲಿ, “ಪೊಳುದು ಪೋಚ್ಚು, ಇನ್ನೂ ಬಸ್ಸಿನಲ್ಲೇ ಇದ್ದೇನೆ” ಎಂದು ತಮಿಳಿನಲ್ಲಿ ಹೇಳಿದಳು, ಹೊತ್ತಾಯಿತು, ತಡವಾಯಿತು ಎಂದು. ನಾನು ನೆಟ್ಟಗೆ ಕೂತೆ. ಪೊಳುದು. ತಮಿಳಿನ ಪೊಳುದು ನಮ್ಮ ಒತ್ತೇ. ಅದೂ ಸೂರ್ಯ, ಅದೂ ಸಮಯ. ಎರಡೂ ಭಾಷೆಗಳನ್ನು ಹುಟ್ಟಿದಾಗಿನಿಂದ ಆಡುವ ಇಬ್ಬರು, ಒಬ್ಬರು ಮೇಷ್ಟ್ರು, ಒಬ್ಬಳು ಸಂಶೋಧಕಿ, ಸೂರಿಯನ್, ಕಾಲಂ ಎಂದು ಪುಸ್ತಕದ ಮಾತು ಹಿಡಿದುಕೊಂಡು ವರ್ಷವಿಡೀ ಕಿತ್ತಾಡಿದ್ದೆವು. ಬೇಕಾದ ಮಾತು ಬಸ್ಸಿನಲ್ಲಿ ದಿನವೂ ಓಡಾಡುತ್ತಿತ್ತು.

ಮಾವನಿಗೆ ಫೋನ್ ಮಾಡಿದೆ. ಬಸ್ಸಿನ ಗದ್ದಲದಲ್ಲಿ ಕೂಗಿ ಹೇಳಿದೆ.

“ಅದ್ರಲ್ಲಿ ಸೂರಿಯ ಐತಾ?” ಎಂದು ಕೇಳಿದರು.

“ಐತೆ ಮಾವ.”

“ಅಂಗಾದ್ರೆ ನಾನು ಗೆದ್ದೆ.”

“ಕಾಲಾನೂ ಐತೆ.”

“ಅದು ನೀನು ಇಟ್ಕೋ,” ಎಂದರು. ನಗುತ್ತಿದ್ದರು. “ನಾಳೆ ನಾನೇ ಗೂಡಲೂರಿಗೋಗಿ ತಾತನ್ಗೆ ಏಳ್ತೀನಿ. ಆನಾ ಒಂದು ಮಾತು ಪಾಪಾ. ನಮ್ಮೋರು ಸೂರಿಯನಿಂದ್ಲೇ ಬಂದಿದ್ದು. ಒಪ್ಕೋ.”

“ಇರ್ಬೋದು ಮಾವ.”

“ಇಷ್ಟು ಪಡ್ಚು ಇರ್ಬೋದಾ?” ಎಂದು ಫೋನ್ ಇಟ್ಟರು.

ಹೇಳಿದಂತೆ ಮರುದಿನವೇ ಹೋಗಿ ಹೇಳಿದ್ದರು. ಶಿವರಾತ್ರಿ ಬರುವ ಮೊದಲು ಒಂದು ದಿನ ಊಟ ಮಾಡಿ ಅದೇ ಕುರ್ಚಿಯಲ್ಲಿ ಕೂತವರು ಏಳಲಿಲ್ಲ. ಗೋಡೆಯ ಮೇಲೆ ಬರಬೇಕಾದ ಸೂರ್ಯ ಅವತ್ತು ಅವರ ಅಂಗಿಯ ಮೇಲೆ ಬಿದ್ದಿತ್ತು ಎಂದು ಅತ್ತೆ ಹೇಳಿದರು. ನಾನು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಶಿವರಾತ್ರಿಗೆ ಹಗಲಿನಲ್ಲೇ ಗುಡಿಗೆ ಹೋದೆ. ಕಲ್ಲಿನ ಖಾಲಿ ಜಾಗ ತುಂಬಿತ್ತು. ‘ಪೊಳುದು’ ಎಂಬ ಅಕ್ಷರಗಳು ಉಳಿದವಕ್ಕಿಂತ ಬೆಳ್ಳಗೆ, ಹೊಸದಾಗಿ ಕಾಣುತ್ತಿದ್ದವು. ಮುದ್ದಯ್ಯ ತಾತನ ಮನೆಗೆ ಹೊಸದಾಗಿ ಬಂದ ಸೊಸೆ ಕಲ್ಲಿನ ಮುಂದೆ ನಿಂತು ಓದಿ, ಪಕ್ಕದವರಿಗೆ ತಮಿಳಿನಲ್ಲೇ ಅರ್ಥ ಹೇಳಿದಳು: ಕಾಲ ಕೆಟ್ಟುಹೋಯಿತಂತೆ, ಅದಕ್ಕೇ ಬಂದರಂತೆ. ಪಕ್ಕದವರು ತಲೆಯಾಡಿಸಿದರು. ಓದುವ ಕಣ್ಣಿಗೆ ಪೊಳುದು ಈಗ ಬರೀ ಸಮಯ. ಸೂರ್ಯ ಯಾರಿಗೂ ಕಾಣಲಿಲ್ಲ. ವಾದದಲ್ಲಿ ನಾನು ಗೆದ್ದಿದ್ದೆ, ಪೂರ್ತಿಯಾಗಿ. ಮೈಯೆಲ್ಲ ಉರಿದುಹೋಯಿತು.

“ಬರೀ ಕಾಲ ಅಲ್ಲಮ್ಮ,” ಎಂದೆ. “ಪೊಳುದು ಅಂದ್ರೆ ಸೂರಿಯನೂ ಔದು. ಮಂಕಾಗೋದು ಸೂರಿಯ. ಕಾಲಕ್ಕೇನು ಬತ್ತಿ ಐತಾ?”

ಮುದ್ದಯ್ಯ ತಾತ ನನ್ನನ್ನೇ ನೋಡಿದರು. “ಅವತ್ತು ಕಾಲಂ ಅಂತ ಕುಣಿದೋಳು ನೀನೇ ತಾನೆ?”

ನಾನೇ. ಈಗ ಮಾವನ ಕಡೆಯ ವಾದವನ್ನೂ ನಾನೇ ಮಾಡಬೇಕು, ಅದೂ ಅವರಷ್ಟು ಚೆನ್ನಾಗಿ ಬರುವುದಿಲ್ಲ. ತಾವು ಹೊತ್ತುಕೊಂಡಿದ್ದನ್ನು ಮಾವ ನನ್ನ ತಲೆಗೆ ಕಟ್ಟಿ, ಉತ್ತರ ಕೇಳಲು ನಿಲ್ಲದೆ ಹೊರಟುಹೋದರು. ಹೊಸ ಸೊಸೆ ಕಲ್ಲನ್ನು ಇನ್ನೊಮ್ಮೆ ನೋಡಿ ಮೆಲ್ಲಗೆ ಕೇಳಿದಳು, “ಅಂಗಾದ್ರೆ ಸೂರಿಯನಿಂದ್ಲೇ ನಾವು ಬಂದಿದ್ದಾ, ಅಕ್ಕಾ?”

“ಇರ್ಬೋದು,” ಎಂದೆ.

ಅವಳು ಸರಿ ಎಂದು ದೀಪದ ಎಣ್ಣೆ ತರಲು ಹೋದಳು. ಯಾರೂ ಬೈಯಲಿಲ್ಲ.